ಫೋಟೋದಲ್ಲಿ ಇಲ್ಲದವರು

ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಊರಿಗೆ ಊರೇ ತಲೆ ತಗ್ಗಿಸಿ ನಡೆಯುತ್ತದೆ. ಹೊಸಬರು ಇದನ್ನು ವಿನಯ ಎಂದುಕೊಂಡಾರು; ಅದು ಪಾಚಿಯ ಭಯ. ಜುಲೈ ಮುಗಿಯುವಷ್ಟರಲ್ಲಿ ಅಂಗಳದ ಚಪ್ಪಡಿ, ಬಾವಿಕಟ್ಟೆ, ಬಚ್ಚಲಿಗೆ ಇಳಿಯುವ ಮೆಟ್ಟಿಲು ಎಲ್ಲವೂ ಕಪ್ಪುಹಸಿರಾಗಿ ಮಿರಮಿರ ಮಿಂಚತೊಡಗುತ್ತವೆ. ನಾವು ಸೋಗೆ ಹಾಸುತ್ತೇವೆ, ಸುಣ್ಣ ಎರಚುತ್ತೇವೆ, ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿಪೊರಕೆಯಲ್ಲಿ ತಿಕ್ಕುತ್ತೇವೆ. ಪಾಚಿ ನಮ್ಮ ಮರ್ಯಾದೆ ಉಳಿಸಲು ನಾಲ್ಕು ದಿನ ಸುಮ್ಮನಿದ್ದು ಮತ್ತೆ ಬರುತ್ತದೆ. ಯಾರ ಸೊಂಟ ಯಾವ ವರ್ಷದ ಮಳೆಗೆ ಹೋಯಿತು ಎಂಬುದನ್ನು ಹಿಡಿದು ಕಾಲ ಎಣಿಸುವವರು ನಮ್ಮ ಊರಲ್ಲಿ ಇನ್ನೂ ಇದ್ದಾರೆ.

ಇಂಥ ಮನೆಗೆ ಸೇರಿದ ನನ್ನ ಅಕ್ಕನ ಮಗಳು ಪಾಚಿಯ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಹೇಳಿದಾಗ, ಮೆಟ್ಟುಗತ್ತಿಯ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದ ಅಮ್ಮ ತಲೆ ಎತ್ತಿ, "ಪಾಚಿ ಮೇಲೆ ಏನು ಮಾಡೋದಿದ್ರೂ ನೋಡ್ಕೊಂಡು ಮಾಡೇ" ಎಂದಳು.

"ಅದು ಪಾಚಿ ಅಲ್ಲ ಅಜ್ಜಿ, ಸಯಾನೋಬ್ಯಾಕ್ಟೀರಿಯಾ. ಒಂದು ಥರದ ಬ್ಯಾಕ್ಟೀರಿಯಾ."

"ಹಾಗಾದ್ರೆ ಕೈ ತೊಳ್ಕೊಂಡು ಊಟಕ್ಕೆ ಬಾ."

ಸಂಶೋಧನೆಯ ಕುರಿತು ನಮ್ಮ ಮನೆಯಲ್ಲಿ ನಡೆದ ಚರ್ಚೆ ಅಷ್ಟೇ. ಆದರೆ ಆ ರಾತ್ರಿ ಜಗಲಿಯಲ್ಲಿ ಕೂತು ಅವಳು ಹೇಳಿದ್ದನ್ನು ಕೇಳಿದ ಮೇಲೆ, ಕಡ್ಡಿಪೊರಕೆ ಹಿಡಿದಾಗಲೆಲ್ಲ ನನಗೆ ಸಣ್ಣ ಮುಜುಗರ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕವಷ್ಟೆ? ಎಳೆಯ ಭೂಮಿಯ ಗಾಳಿಯಲ್ಲಿ ಅದು ಹೆಸರಿಗೂ ಇರಲಿಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಅದನ್ನು ಗಾಳಿಗೆ ತುಂಬತೊಡಗಿದ್ದು ಈ ಸಯಾನೋಬ್ಯಾಕ್ಟೀರಿಯಾಗಳು. ಬಿಸಿಲಿನ ಬಲದಿಂದ ನೀರನ್ನು ಒಡೆಯುವ ವಿದ್ಯೆ ಅವುಗಳದು. ಗಿಡಮರಗಳಿಗೆ ಅದು ಬಂದದ್ದೂ ಅವುಗಳಿಂದಲೇ: ನೂರು ಕೋಟಿ ವರ್ಷಕ್ಕೂ ಹಿಂದೆ ಯಾವುದೋ ಜೀವಕೋಶ ಒಂದು ಸಯಾನೋಬ್ಯಾಕ್ಟೀರಿಯಾವನ್ನು ನುಂಗಿತು, ಅರಗಿಸಿಕೊಳ್ಳದೆ ಒಳಗೇ ಇಟ್ಟುಕೊಂಡಿತು. ಇವತ್ತು ಎಲೆ ಎಲೆಯಲ್ಲೂ ಇರುವ ಹಸಿರು ಕಣ, ಕ್ಲೋರೋಪ್ಲಾಸ್ಟ್, ಅದರ ಸಂತಾನ. ಅಂದರೆ ತೋಟದಲ್ಲಿ ಅಡಿಕೆಮರಕ್ಕೆ ಗೊಬ್ಬರ ಹೊತ್ತು ಹಾಕುವವನೂ ನಾನೇ, ಅಂಗಳದಲ್ಲಿ ಅದರ ಹಿರೀಕರ ವಂಶಕ್ಕೆ ಪೊರಕೆಪೂಜೆ ಮಾಡುವವನೂ ನಾನೇ.

ನೀರು ಒಡೆಯುವ ಆ ಯಂತ್ರದ ಹೆಸರು ಫೋಟೋಸಿಸ್ಟಂ ಎರಡು. ಬ್ಯಾಕ್ಟೀರಿಯಾದ ಒಳಗೆ ಥೈಲಕಾಯ್ಡ್ ಎಂಬ ತೆಳು ಪೊರೆಗಳ ಮಡಿಕೆಯಿದೆ. ಆ ಪೊರೆಯಲ್ಲಿ ಇದು ನಾಟಿಕೊಂಡಿರುತ್ತದೆ. ಅಕ್ಕನ ಮಗಳು ಲ್ಯಾಪ್‌ಟಾಪ್ ತೆರೆದು ಅದರ ಚಿತ್ರ ತೋರಿಸಿದಳು. 2011ರಲ್ಲಿ ಜಪಾನಿನ ಜಿಯಾನ್-ರೆನ್ ಶೆನ್ ಮತ್ತು ನೊಬುವೊ ಕಾಮಿಯಾ ಅವರ ತಂಡ ಬಿಸಿನೀರ ಬುಗ್ಗೆಯ ಒಂದು ಸಯಾನೋಬ್ಯಾಕ್ಟೀರಿಯಾದಿಂದ ಈ ಯಂತ್ರವನ್ನು ಬಿಡಿಸಿ ತೆಗೆದು, ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ಪಡೆದ ಚಿತ್ರ. ಅದರ ಸೂಕ್ಷ್ಮತೆ 1.9 ಆಂಗ್‌ಸ್ಟ್ರಮ್. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಮ್. ಇಪ್ಪತ್ತರ ಆಸುಪಾಸು ಪ್ರೋಟೀನುಗಳು, 35 ಕ್ಲೋರೋಫಿಲ್, ನಡುವೆ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಐದು ಆಮ್ಲಜನಕದ ಪರಮಾಣುಗಳು ಸೇರಿದ ಪುಟ್ಟ ಗುಂಪು. ಈ ಗುಂಪು ಸೊಟ್ಟ ಕುರ್ಚಿಯ ಆಕಾರದಲ್ಲಿದೆ ಎಂದು ಆ ವಿಜ್ಞಾನಿಗಳೇ ಬರೆದಿದ್ದಾರೆ. ನೀರು ಒಡೆಯುವುದು ಆ ಸೊಟ್ಟ ಕುರ್ಚಿಯಲ್ಲೇ. ಸುತ್ತಮುತ್ತ ಸುಮ್ಮನೆ ನಿಂತಿದ್ದ ನೀರಿನ ಅಣುಗಳನ್ನೂ ಬಿಡದೆ ಲೆಕ್ಕ ಹಾಕಿದ್ದಾರೆ. ಜೋಡಿಯಾಗಿರುವ ಯಂತ್ರದ ಒಂದೊಂದು ಅರ್ಧಕ್ಕೂ 1300ಕ್ಕಿಂತ ಹೆಚ್ಚು.

"ಇದರಲ್ಲಿ ಇಲ್ಲದೇ ಇರೋದು ಯಾರು ಹೇಳಿ ಮಾವ?" ಎಂದಳು.

ನೀರಿನ ಕಣವನ್ನೂ ಎಣಿಸಿದ ಮೇಲೆ ಇನ್ನು ಯಾರು ಉಳಿದಿರಲು ಸಾಧ್ಯ?

"ಇದನ್ನು ಕಟ್ಟಿದವರು."

ಆಗ ನನಗೆ ಕಣ್ಣಮುಂದೆ ಬಂದದ್ದು ನಮ್ಮ ಮನೆತನದ ಮದುವೆ ಆಲ್ಬಮ್ಮುಗಳು. ಕಪ್ಪುಬಿಳುಪಿನ ಕಾಲದಿಂದ ಹಿಡಿದು, ಹುಡುಗ ಹುಡುಗಿಯನ್ನು ಹೃದಯದ ಆಕಾರದೊಳಗೆ ಕೂರಿಸಿದ ಬಣ್ಣದ ಕಾಲದವರೆಗೆ ಕಪಾಟಿನ ತುಂಬ ಇವೆ. ಒಂದರಲ್ಲೂ ಚಿಕ್ಕಪ್ಪ ಇಲ್ಲ. ಅವರು ಇಲ್ಲದೆ ಆ ಪೈಕಿ ಒಂದು ಮದುವೆಯೂ ಆಗಿಲ್ಲ. ವಾರ ಮೊದಲೇ ಬಂದು ಚಪ್ಪರಕ್ಕೆ ಗಳ ಕಡಿಸುವವರು, ಕೊಪ್ಪರಿಗೆ ಯಾರ ಮನೆಯಿಂದ ತರಬೇಕು, ಅವರ ಮನೆಯ ಹಳೇ ಜಗಳ ಯಾವುದು, ಕೇಳಲು ಯಾರನ್ನು ಕಳಿಸಿದರೆ ಕೊಪ್ಪರಿಗೆ ಬರುತ್ತದೆ ಎಂಬುದನ್ನೆಲ್ಲ ಬಲ್ಲವರು, ಮಜ್ಜಿಗೆಗೆ ಎಷ್ಟು ನೀರು ಸೇರಿದರೆ ಕೊನೆಯ ಪಂಕ್ತಿಯವರಿಗೆ ಅನುಮಾನ ಬರುವುದಿಲ್ಲ ಎಂಬುದನ್ನು ಕಣ್ಣಂದಾಜಿನಲ್ಲೇ ಹೇಳುವವರು. ಉಗ್ರಾಣದ ಕೀಲಿ ಅವರ ಸೊಂಟದಲ್ಲಿ. ಫೋಟೋದವನು "ಮನೆಯವರೆಲ್ಲ ಬನ್ನಿ" ಎಂದು ಕೂಗುವ ಹೊತ್ತಿಗೆ ಅವರು ಒಳಗೆ ಹೋಳಿಗೆ ಎಣಿಸುತ್ತಿರುತ್ತಾರೆ. "ಇವರೆಲ್ಲಿ?" ಎಂದು ಚಿಕ್ಕಮ್ಮ ಕೇಳುತ್ತಾಳೆ. "ಬರ್ತಾರೆ ಬರ್ತಾರೆ" ಎಂದು ಯಾರೋ ಹೇಳುತ್ತಾರೆ. ಅಷ್ಟರಲ್ಲಿ ಫ್ಲ್ಯಾಶ್ ಹೊಡೆದಾಗಿರುತ್ತದೆ.

ಫೋಟೋಸಿಸ್ಟಂ ಎರಡಕ್ಕೂ ಇಂಥ ಚಿಕ್ಕಪ್ಪಂದಿರು ಇದ್ದಾರೆ, ಅದೂ ಒಬ್ಬಿಬ್ಬರಲ್ಲ. ವೈಸಿಎಫ್48, ಪಿಎಸ್‌ಬಿ27, ಪಿಎಸ್‌ಬಿ28 ಎಂದೆಲ್ಲ ಬಸ್ಸಿನ ನಂಬರಿನಂಥ ಹೆಸರು. ಕಟ್ಟುವಾಗ ಬರುತ್ತಾರೆ, ಹಿಡಿಯುತ್ತಾರೆ, ತಡೆಯುತ್ತಾರೆ, ಕೆಲಸ ಮುಗಿದ ಕೂಡಲೇ ಕಳಚಿಕೊಂಡು ಹೋಗುತ್ತಾರೆ. ಸಿದ್ಧವಾದ ಯಂತ್ರದಲ್ಲಿ ಅವರ ಸುಳಿವೇ ಇರುವುದಿಲ್ಲ.

ಕಟ್ಟುವ ಕ್ರಮಕ್ಕೆ ಒಂದು ಶಿಸ್ತು ಇದೆ. ಯಂತ್ರದ ದೊಡ್ಡ ಪ್ರೋಟೀನುಗಳು ನಾಲ್ಕು: ಡಿ1, ಡಿ2, ಸಿಪಿ47, ಸಿಪಿ43. ನಾಲ್ಕೂ ತಮ್ಮ ತಮ್ಮ ಚಿಲ್ಲರೆ ಪ್ರೋಟೀನುಗಳನ್ನೂ ಬಣ್ಣದ ಕಣಗಳನ್ನೂ ಕೂಡಿಸಿಕೊಂಡು ಬೇರೆ ಬೇರೆಯಾಗಿ ತಯಾರಾಗುತ್ತವೆ. ಮೊದಲು ಡಿ1 ಮತ್ತು ಡಿ2 ಕೂಡಬೇಕು. ಆಮೇಲೆ ಸಿಪಿ47. ಅದಾದ ಮೇಲೆ ಸಿಪಿ43. ಕೊನೆಗೆ ಮ್ಯಾಂಗನೀಸ್. ಎಲ್ಲ ಮುಗಿದ ಮೇಲೆ ಇಂಥ ಎರಡು ಕೂಡಿ ಜೋಡಿ ಆಗುತ್ತವೆ.

ಈ ಶಿಸ್ತು ತೋರಿಕೆಯದಲ್ಲ. ಕ್ಲೋರೋಫಿಲ್ ಅಂದರೆ ನಾವು ಶಾಲೆಯಲ್ಲಿ ಕಲಿತ ಸೌಮ್ಯ ಪತ್ರಹರಿತ್ತು. ಯಂತ್ರದೊಳಗೆ ತನ್ನ ಜಾಗದಲ್ಲಿ ಕೂತಿರುವವರೆಗೆ ಅದು ನಿಜಕ್ಕೂ ಸೌಮ್ಯವೇ. ಒಂಟಿಯಾಗಿ ಬಿಸಿಲಿಗೆ ಬಿತ್ತೋ, ಹೀರಿಕೊಂಡ ಶಕ್ತಿಯನ್ನು ಯಾರಿಗೆ ದಾಟಿಸುವುದೆಂದು ತಿಳಿಯದೆ ಪಕ್ಕದ ಆಮ್ಲಜನಕದ ಕೈಗೆ ಕೊಡುತ್ತದೆ. ಆ ಆಮ್ಲಜನಕ ರೇಗಿ, ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಆದ್ದರಿಂದ ಕ್ಲೋರೋಫಿಲ್ ಎಲ್ಲೂ ಒಂಟಿಯಾಗಿ ತಿರುಗಬಾರದು. ಅದನ್ನು ತಯಾರಿಸುವ ಕಿಣ್ವ, ಹೊಸ ಪ್ರೋಟೀನನ್ನು ಪೊರೆಯೊಳಗೆ ಸೇರಿಸುವ ಇನ್ನೊಂದು ಪ್ರೋಟೀನು, ಹೆಚ್ಚಾದ ಶಕ್ತಿಯನ್ನು ಶಾಖವಾಗಿಸಿ ತಣಿಸುವ ಮತ್ತೊಂದು, ಇವೆಲ್ಲ ಒಟ್ಟಿಗೆ ಅಂಟಿಕೊಂಡೇ ಇರುವುದನ್ನು ಸಿನೆಕೊಸಿಸ್ಟಿಸ್ ಎಂಬ ಸಯಾನೋಬ್ಯಾಕ್ಟೀರಿಯಾದಲ್ಲಿ ಕಂಡಿದ್ದಾರೆ. ತಯಾರಾದ ಜಾಗದಿಂದ ಕೂರುವ ಜಾಗಕ್ಕೆ ಕೈಯಿಂದ ಕೈಗೆ. ನಮ್ಮ ಮದುವೆಗಳಲ್ಲೂ ಉಗ್ರಾಣದಿಂದ ತುಪ್ಪ ಹೊರಟರೆ ಚಿಕ್ಕಪ್ಪ ಪಂಕ್ತಿಯವರೆಗೆ ತಾವೇ ಜೊತೆಗೆ ಬರುತ್ತಿದ್ದರು. ತುಪ್ಪ ಬಡಿಸುವ ಹುಡುಗರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

ಡಿ1 ಪ್ರೋಟೀನಿನ ಕಥೆ ಇನ್ನೂ ಚೆನ್ನ. ಸಿನೆಕೊಸಿಸ್ಟಿಸ್‌ನಲ್ಲಿ ಅದು ಹುಟ್ಟುವಾಗ 360 ಅಮೈನೋ ಆಮ್ಲಗಳ ಸರ. ಕೆಲಸಕ್ಕೆ ಬೇಕಾದದ್ದು 344. ಉಳಿದ 16 ಬಾಲ. ಈ ಬಾಲ ಇರುವವರೆಗೆ ಮ್ಯಾಂಗನೀಸಿನ ಗುಂಪು ಕೂರುವ ಹಾಗಿಲ್ಲ, ಯಾಕೆಂದರೆ 344ನೆಯ ಅಮೈನೋ ಆಮ್ಲದ ತುದಿಯೇ ಆ ಲೋಹವನ್ನು ಹಿಡಿಯುವ ಕೈಗಳಲ್ಲಿ ಒಂದು. ಬಾಲ ಅದನ್ನು ಮುಚ್ಚಿಟ್ಟಿರುತ್ತದೆ. ಹೊಸದಾಗಿ ಹುಟ್ಟಿದ, ಬಾಲವಿರುವ ಡಿ1ಕ್ಕೆ ವೈಸಿಎಫ್48 ಅಂಟಿಕೊಳ್ಳುತ್ತದೆ. ಏಳು ದಳಗಳ ಗಿರಗಿಟ್ಟಲೆಯ ಹಾಗಿರುವ ಪ್ರೋಟೀನು ಅದು. ಡಿ1 ಸ್ಥಿರವಾಗಿ ನಿಂತು ಡಿ2ವನ್ನು ಕೂಡಿಕೊಳ್ಳುವುದಕ್ಕೆ ಅದರ ನೆರವು ಬೇಕು. ಆಮೇಲೆ ಸಿಟಿಪಿಎ ಎಂಬ ಕಿಣ್ವ ಬಂದು ಬಾಲವನ್ನು ಕತ್ತರಿಸುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಬೇರೆ ಕಿಣ್ವವೇ ಏಕೆ ಎಂದು ಕೇಳುವಂತಿಲ್ಲ. ಆ ಕಿಣ್ವವನ್ನು ತೆಗೆದುಹಾಕಿದ ಸಯಾನೋಬ್ಯಾಕ್ಟೀರಿಯಾ ಡಿ1ವನ್ನು ತಯಾರಿಸುತ್ತದೆ, ಯಂತ್ರದೊಳಗೆ ಸೇರಿಸುತ್ತದೆ. ಆಮ್ಲಜನಕ ಮಾತ್ರ ಬಿಡುವುದಿಲ್ಲ.

ಇನ್ನು ಪಿಎಸ್‌ಬಿ27. ಇದು ಸಿಪಿ43ರ ಮೇಲೆ ಕೂತು, ಮ್ಯಾಂಗನೀಸ್ ಕೂರಬೇಕಾದ ಜಾಗದ ಹತ್ತಿರವೇ ಕಾವಲು ಕಾಯುತ್ತದೆ. ಸಮಯಕ್ಕೆ ಮೊದಲು ಯಾರೂ ಬಂದು ಕೂರಕೂಡದು. ಪಿಎಸ್‌ಬಿ28ರದು ಪೊರೆಯ ಇನ್ನೊಂದು ಬದಿಯಲ್ಲಿ ಡ್ಯೂಟಿ. ಅರ್ಧ ಕಟ್ಟಿದ ಯಂತ್ರದ ಮೇಲೆ ಬೆಳಕು ಬಿದ್ದು ಎಲೆಕ್ಟ್ರಾನು ಹೊರಟರೆ ಅನಾಹುತ. ಹಾಗೆ ಆಗದಂತೆ ಅದು ಒಳಗಿನ ಸುತ್ತುಮುತ್ತನ್ನೇ ತಾತ್ಕಾಲಿಕವಾಗಿ ಬೇರೆ ರೂಪಕ್ಕೆ ಮಡಿಸಿ ಇಟ್ಟಿರುತ್ತದೆ.

ಕೊನೆಗೆ ಮ್ಯಾಂಗನೀಸು. ಇದನ್ನು ಕೂರಿಸಲು ಬೆಳಕೇ ಬೇಕು, ಕತ್ತಲಲ್ಲಿ ಆಗದು. ಆದರೆ ಬೆಳಕಿಗೂ ಲೆಕ್ಕವಿದೆ. ಮೊದಲ ಬೆಳಕಿನ ಕಣ ಬಂದು ಒಂದು ಮ್ಯಾಂಗನೀಸಿನ ಎಲೆಕ್ಟ್ರಾನು ಕೀಳುತ್ತದೆ. ಆಮೇಲೆ ಕೊಂಚ ಹೊತ್ತು ಬೆಳಕಿಲ್ಲದೆ ಒಳಗಿನ ಹೊಂದಾಣಿಕೆ ಆಗಬೇಕು. ಎರಡನೆಯ ಕಣ ಅವಸರದಲ್ಲಿ ಬಂದರೆ ವ್ಯರ್ಥ. ತೀರಾ ತಡ ಮಾಡಿದರೆ ಮೊದಲನೆಯದು ಬಿಟ್ಟುಹೋಗಿರುತ್ತದೆ, ಮತ್ತೆ ಆರಂಭದಿಂದ. ಹೀಗಾಗಿ ಬಿದ್ದ ಬೆಳಕಿನಲ್ಲಿ ಬಹುಪಾಲು ದಂಡ. ಅಷ್ಟು ಚುರುಕಾಗಿ ನೀರು ಒಡೆಯುವ ಯಂತ್ರವನ್ನು ಇಷ್ಟು ನಿಧಾನದ, ಇಷ್ಟು ಹಾಳುವೆಚ್ಚದ ಕೆಲಸದಿಂದ ಕಟ್ಟುತ್ತಾರೆ ಎಂದಾಗ ನನಗೆ ಬಹಳ ಸಮಾಧಾನ ಆಯಿತು. ಮುಹೂರ್ತ ಮೀರುತ್ತಿದ್ದರೂ ಚಿಕ್ಕಪ್ಪ "ಇನ್ನೊಂದು ಐದು ನಿಮಿಷ" ಎನ್ನುತ್ತಿದ್ದುದಕ್ಕೆ ಇಷ್ಟು ಹಳೆಯ ಆಧಾರವಿದೆ ಎಂದು ಆಗ ಗೊತ್ತಿದ್ದರೆ ಪುರೋಹಿತರಿಗೆ ಹೇಳಬಹುದಿತ್ತು.

ಇಷ್ಟೆಲ್ಲ ಮಾಡಿ ಕಟ್ಟಿದ್ದು ಎಷ್ಟು ದಿನ ಬಾಳುತ್ತದೆ? ಇಲ್ಲಿದೆ ತಮಾಷೆ. ಕಡು ಬಿಸಿಲಿನಲ್ಲಿ ಡಿ1ರ ಆಯುಸ್ಸನ್ನು ದಿನಗಳಲ್ಲಿ ಎಣಿಸುವಂತಿಲ್ಲ, ನಿಮಿಷಗಳಲ್ಲಿ ಎಣಿಸಬೇಕು. ನೀರನ್ನು ಒಡೆಯುವ ಶಕ್ತಿ ಅಂದರೆ ಸಾಧಾರಣವಲ್ಲ. ಅದರ ಪಕ್ಕದಲ್ಲಿ ಕೂತವರಿಗೆ ಏಟು ತಪ್ಪುವುದಿಲ್ಲ. ಹೆಚ್ಚಿನ ಏಟು ಡಿ1ಕ್ಕೇ. ಆಗ ಸಿಪಿ43 ಬಿಚ್ಚಿ ಪಕ್ಕಕ್ಕೆ ಸರಿಯುತ್ತದೆ. ಎಫ್‌ಟಿಎಸ್‌ಎಚ್ ಎಂಬ ಕಿಣ್ವ ಬರುತ್ತದೆ. ಆರು ತುಂಡುಗಳು ಉಂಗುರವಾಗಿ ಕೂಡಿರುವ ಅದು ಕೆಟ್ಟ ಡಿ1ರ ಒಂದು ತುದಿ ಹಿಡಿದು, ಶಕ್ತಿ ಖರ್ಚುಮಾಡಿ ಪೊರೆಯಿಂದ ಎಳೆದೆಳೆದು ಚೂರು ಮಾಡುತ್ತದೆ. ಆ ಜಾಗಕ್ಕೆ ಹೊಸ ಡಿ1, ಬಾಲ ಸಮೇತ. ಮತ್ತೆ ಬಾಲ ಕತ್ತರಿಸುವುದು, ಮತ್ತೆ ಕಾವಲು, ಮತ್ತೆ ಮ್ಯಾಂಗನೀಸು, ಮತ್ತೆ ಬೆಳಕಿಗಾಗಿ ಕಾಯುವುದು. ಬಿಸಿಲು ಇರುವಷ್ಟು ಹೊತ್ತೂ ಇದು ನಡೆದೇ ಇರುತ್ತದೆ. ಇನ್ನೂರು ಚಿಲ್ಲರೆ ಕೋಟಿ ವರ್ಷಗಳಲ್ಲಿ ಕೆಡದ ಡಿ1 ಮಾತ್ರ ಆಗಲಿಲ್ಲ. ಕೆಟ್ಟ ಕೂಡಲೇ ಸರಿಮಾಡುವ ಏರ್ಪಾಡು ಆಯಿತು, ಅಷ್ಟರಲ್ಲೇ ಜಗತ್ತು ಉಸಿರಾಡುತ್ತಿದೆ.

ಈ ಡಿ1 ನಮ್ಮ ರೈತರಿಗೂ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೇ. ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳದ ಹೊಲಕ್ಕೆ ಹೊಡೆಯುವ ಅಟ್ರಜಿನ್, ಕಬ್ಬಿನ ಗದ್ದೆಗೆ ಹೊಡೆಯುವ ಡೈಯುರಾನ್ ಮಾಡುವುದು ಇಷ್ಟೇ: ಡಿ1ರಲ್ಲಿ ಎಲೆಕ್ಟ್ರಾನು ಒಯ್ಯುವ ಅಣು ಬಂದು ಕೂರುವ ಜಾಗದಲ್ಲಿ ತಾನು ಹೋಗಿ ಕೂತುಬಿಡುವುದು. ಕಳೆ ನಿಂತಲ್ಲೇ ಒಣಗುತ್ತದೆ. ಕೆಲವು ಕಳೆಗಳು ಡಿ1ರ 264ನೆಯ ಅಮೈನೋ ಆಮ್ಲವೊಂದನ್ನು ಬದಲಿಸಿಕೊಂಡು ಅಟ್ರಜಿನ್ನಿಗೂ ಬಗ್ಗದೆ ನಿಲ್ಲುತ್ತವೆ.

ಕಾಣದ ಈ ಸಹಾಯಕರನ್ನು ಪತ್ತೆ ಮಾಡಿದ್ದು ಹೇಗೆ? ಅದಕ್ಕೆ ಬಳಸಿದ ಮುಖ್ಯ ಜೀವಿ ಆಗಲೇ ಹೇಳಿದ ಸಿನೆಕೊಸಿಸ್ಟಿಸ್, ಪೂರ್ತಿ ಹೆಸರಿನಲ್ಲಿ 6803 ಎಂಬ ನಂಬರೂ ಸೇರಿದೆ. 1968ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಿಹಿನೀರ ಕೆರೆಯಿಂದ ಹಿಡಿದು ತಂದದ್ದು. ಆ ನಂಬರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಸಂಗ್ರಹದಲ್ಲಿ ಅದರದು. 1996ರಲ್ಲಿ ಜಪಾನಿನ ಕಜುಸಾ ಸಂಸ್ಥೆ ಅದರ ಡಿಎನ್‌ಎಯನ್ನು ಆದ್ಯಂತ ಓದಿ ಮುಗಿಸಿತು. ಬಿಸಿಲಿನಲ್ಲಿ ಅಡುಗೆ ಮಾಡುವ ಜೀವಿಗಳಲ್ಲಿ ಅದಕ್ಕೇ ಮೊದಲ ಗೌರವ. ಅದರ ದೊಡ್ಡ ಗುಣವೆಂದರೆ, ಗ್ಲೂಕೋಸ್ ಕೊಟ್ಟರೆ ದ್ಯುತಿಸಂಶ್ಲೇಷಣೆ ಕೆಟ್ಟರೂ ಬದುಕಿರುತ್ತದೆ. ಹಾಗಾಗಿ ಒಂದೊಂದೇ ಜೀನ್ ತೆಗೆದು, ಏನು ಕೆಡುತ್ತದೆ ಎಂದು ನೋಡಬಹುದು. ಚೆಕ್ ದೇಶದ ಟ್ರೆಬೊನ್ ಎಂಬ ಊರಲ್ಲಿ, ಮೀನುಕೆರೆಗಳ ನಡುವೆ, ಹಳೆಯ ಹಿಟ್ಟಿನ ಗಿರಣಿಯೊಂದು ಈಗ ಪ್ರಯೋಗಶಾಲೆ. ಅಲ್ಲಿ ಯೋಸೆಫ್ ಕೊಮೆಂಡಾ, ಲಂಡನ್ನಿನಲ್ಲಿ ಪೀಟರ್ ನಿಕ್ಸನ್, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹಿಮಾದ್ರಿ ಪಕ್ರಾಸಿ, ಇವರೆಲ್ಲ ಇದನ್ನೇ ದಶಕಗಳಿಂದ ಮಾಡುತ್ತ ಬಂದಿದ್ದಾರೆ. ಪಿಎಸ್‌ಬಿ27 ತೆಗೆದರೆ ಮಾಮೂಲಿ ದಿನಗಳಲ್ಲಿ ಹೇಳಿಕೊಳ್ಳುವಂಥ ತೊಂದರೆ ಕಾಣುವುದಿಲ್ಲವಂತೆ. ಬೆಳಕು ಏರಿ ರಿಪೇರಿಯ ಒತ್ತಡ ಬಂದಾಗ ಗೊತ್ತಾಗುತ್ತದೆ.

ನಮಗೂ ಹಾಗೇ ಗೊತ್ತಾಯಿತು. ಪೇಟೆಯ ಕಲ್ಯಾಣಮಂಟಪದಲ್ಲಿ, ಎಲ್ಲವನ್ನೂ ಕಂಟ್ರಾಕ್ಟಿಗೆ ಕೊಟ್ಟು ಮಾಡಿದ ನಮ್ಮ ಕುಟುಂಬದ ಮೊದಲ ಮದುವೆಯಲ್ಲಿ ಏನೂ ಕಡಿಮೆ ಆಗಿರಲಿಲ್ಲ. ಹದಿನಾರು ಬಗೆ, ಐಸ್‌ಕ್ರೀಮು, ಬಾಗಿಲಲ್ಲಿ ಪನ್ನೀರು ಎರಚಲು ಸಮವಸ್ತ್ರದ ಹುಡುಗಿಯರು. ಸಂಜೆ ದಿಬ್ಬಣ ಹೊರಡುವಾಗ ಬಸ್ಸಿನ ಡ್ರೈವರು ಹತ್ತುತ್ತಿಲ್ಲ. ಏನೆಂದು ಕೇಳಿದರೆ, ಬೆಳಗಿನಿಂದ ಅವನನ್ನು ಯಾರೂ ಊಟಕ್ಕೆ ಕರೆದಿಲ್ಲ. ಅವನನ್ನು ಕರೆಯುವುದು ಯಾವ ಕಂಟ್ರಾಕ್ಟಿನಲ್ಲೂ ಬರೆದಿರಲಿಲ್ಲ.

ಸಹಾಯಕರನ್ನು ಕೆಲಸದ ನಡುವೆಯೇ ಚಿತ್ರದಲ್ಲಿ ಹಿಡಿಯಲು ವಿಜ್ಞಾನಿಗಳು ಬಹಳ ಕಾಲ ಒದ್ದಾಡಿದರು. 2021ರಲ್ಲಿ ಜರ್ಮನಿಯ ಬೋಖುಮ್‌ನ ಮಾರ್ಕ್ ನೊವಾಚಿಕ್ ಮತ್ತು ಜೊತೆಗಾರರು ಅತಿಶೀತದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅಂಥ ಒಂದು ಚಿತ್ರ ಪಡೆದರು. ಅದನ್ನೂ ಅಕ್ಕನ ಮಗಳು ತೋರಿಸಿದಳು. ಅರ್ಧ ಕಟ್ಟಿದ ಯಂತ್ರ. ಒಂದು ಬದಿಗೆ ಪಿಎಸ್‌ಬಿ27, ಇನ್ನೊಂದು ಬದಿಗೆ ಪಿಎಸ್‌ಬಿ28 ಮತ್ತು ಪಿಎಸ್‌ಬಿ34, ಮೂವರೂ ಸ್ಪಷ್ಟವಾಗಿ ಬಿದ್ದಿದ್ದಾರೆ.

"ಅಂತೂ ಸಿಕ್ಕಿಬಿದ್ದರಲ್ಲ" ಎಂದೆ.

"ಸುಮ್ಮನೆ ಸಿಗ್ಲಿಲ್ಲ ಮಾವ. ಪಿಎಸ್‌ಬಿಜೆ ಅಂತ ಒಂದು ಪುಟ್ಟ ಪ್ರೋಟೀನಿನ ಜೀನ್ ತೆಗೆದುಬಿಟ್ರು. ಅದಿಲ್ದೆ ಕಟ್ಟೋ ಕೆಲಸ ಮುಂದೆ ಹೋಗಲ್ಲ, ನಡುವೆ ನಿಂತುಬಿಡುತ್ತೆ. ಕೆಲಸ ನಿಂತಿದ್ದಕ್ಕೆ ಇವ್ರು ಅಲ್ಲೇ ಉಳ್ಕೊಂಡ್ರು, ಫೋಟೋಕ್ಕೆ ಸಿಕ್ರು."

ಕೆಲಸ ಸಾಗುತ್ತಿದ್ದರೆ ಇವರು ಯಾರ ಕಣ್ಣಿಗೂ ಬೀಳುವವರಲ್ಲ.

ಚಿಕ್ಕಪ್ಪನಿಗೆ ಈಗ ಎಂಬತ್ತರ ಮೇಲಾಯಿತು. ನಮ್ಮಲ್ಲಿ ಚಪ್ಪರದ ಮದುವೆಗಳು ನಿಂತು ಎಷ್ಟೋ ಕಾಲವಾಯಿತು. ಕಲ್ಯಾಣಮಂಟಪದ ಮೊದಲ ಸಾಲಿನ ಸೋಫಾದಲ್ಲಿ ಅವರನ್ನು ಕೈಹಿಡಿದು ಕೂರಿಸುತ್ತಾರೆ. ಹೆಗಲ ಮೇಲೆ ಜರಿಯ ಶಾಲು, ತೊಡೆಯ ಮೇಲೆ ಏನು ಮಾಡುವುದೆಂದು ತಿಳಿಯದ ಎರಡು ಕೈ. ಈಚಿನ ಆಲ್ಬಮ್ಮುಗಳಲ್ಲಿ ಅವರಿಲ್ಲದ ಪುಟವೇ ಇಲ್ಲ. ಮೊನ್ನೆ ತಮ್ಮನ ಮಗನ ಮದುವೆಯ ಆಲ್ಬಂ ಬಂದಾಗ ಅವರ ಮುಂದೆ ಹಿಡಿದು, "ಎಷ್ಟು ಚೆನ್ನಾಗಿ ಬಿದ್ದಿದ್ದೀರಿ ನೋಡಿ ಚಿಕ್ಕಪ್ಪ" ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ತಮ್ಮ ಮುಖವನ್ನಲ್ಲ, ಅದರ ಹಿಂದೆ ಮಸುಕಾಗಿ ಕಾಣುತ್ತಿದ್ದ ಊಟದ ಪಂಕ್ತಿಯನ್ನು.

"ಆ ಮೂಲೆಯಲ್ಲಿ ಕೂತವನ ಎಲೆಗೆ ಪಲ್ಯನೇ ಹಾಕಿಲ್ಲ ನೋಡು" ಎಂದರು.